ಬೆರಳಿಗೆ ಕಾಣುವ ಫೋನ್



ನಿಮ್ಮ ಮನೆಯಲ್ಲಿ ಕಣ್ಣು ಕಾಣದ ದಾದಿಮಾ, ಖಾಲಾ ಅಥವಾ ಅತ್ತೆ ಇದ್ದಾರೆಯೇ? ಹಾಗಿದ್ದರೆ ಒಂದು ಪ್ರಶ್ನೆ. ಯಾರ ನೆರವೂ ಇಲ್ಲದೆ ಅವರು ಕೊನೆಯ ಬಾರಿ ಫೋನ್ ಮಾಡಿದ್ದು ಯಾವಾಗ?

ತಾಯಿ ತುಮಕೂರಿನಲ್ಲಿ, ಮಗಳನ್ನು ಕೊಟ್ಟದ್ದು ಗುಬ್ಬಿಗೆ, ಮಗನ ಅಂಗಡಿ ಕುಣಿಗಲ್‌ನಲ್ಲಿ. ಇಂತಹ ಸಂಸಾರಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಣ್ಣು ಕಾಣದ ತಾಯಿಗೆ ಮಗಳ ದನಿ ಕೇಳಬೇಕೆನಿಸಿದರೆ ಸೊಸೆಯ ಅಡುಗೆ ಮುಗಿಯುವ ತನಕ, ಮೊಮ್ಮಗ ಶಾಲೆಯಿಂದ ಬರುವ ತನಕ ಕಾಯಬೇಕು. ನಂಬರ್ ಒತ್ತಿಕೊಟ್ಟವರು ಪಕ್ಕದಲ್ಲೇ ನಿಲ್ಲುತ್ತಾರೆ. ಹೇಳಬೇಕೆಂದಿದ್ದ ಮಾತು ಮನಸ್ಸಿನಲ್ಲೇ ಉಳಿಯುತ್ತದೆ.

ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಅಂಧರಾಗಿದ್ದರು. ಸೂರಃ ಅಬಸದ ಆರಂಭದ ವಚನಗಳು ಅವರ ವಿಷಯದಲ್ಲಿ ಅವತೀರ್ಣವಾದುದನ್ನು ನಾವೆಲ್ಲ ಬಲ್ಲೆವು. ಬಿಲಾಲ್(ರ)ರಂತೆ ಅವರೂ ಪ್ರವಾದಿವರ್ಯರ(ಸ) ಮಸೀದಿಯ ಮುಅಝ್ಝಿನ್ ಆಗಿದ್ದರು. ಬೆಳಗಾಯಿತೆಂದು ಜನರು ಅವರಿಗೆ ತಿಳಿಸುತ್ತಿದ್ದರು. ಅಝಾನ್ ಕೊಡುತ್ತಿದ್ದವರು ಅವರೇ. ಬೇಕಾದಷ್ಟು ನೆರವು ನೀಡಿ, ಅವರ ಕೆಲಸವನ್ನು ಅವರಿಗೇ ಬಿಡಬೇಕೆಂಬ ಪಾಠ ಇದರಲ್ಲಿದೆ.

ಅಂಧರು ಫೋನ್ ಬಳಸಲಾರರೆಂದು ಭಾವಿಸಬೇಡಿ. 1990ರ ದಶಕದಲ್ಲಿ ಎಸ್‌ಟಿಡಿ ಬೂತ್ ನಡೆಸಿಯೇ ಸಂಸಾರ ಸಾಗಿಸಿದ ಅಂಧರಿದ್ದರು.

ಅಂಗಡಿಯಲ್ಲಿ ಏನು ನೋಡಬೇಕು?

ದುಬಾರಿ ಫೋನ್ ಬೇಕಾಗಿಲ್ಲ. ವೈರ್ ಇರುವ ಮಾಮೂಲಿ ಫೋನೇ ಒಳ್ಳೆಯದು; ರಿಸೀವರ್ ಎಲ್ಲಿಯೂ ಕಳೆದುಹೋಗುವುದಿಲ್ಲ. ಕಾರ್ಡ್‌ಲೆಸ್ ಬೇಕೇ ಬೇಕೆಂದರೆ, ಕೆಳಗಿನ ಪೆಟ್ಟಿಗೆಯ ಬಟನ್ ಒತ್ತಿದಾಗ ಹ್ಯಾಂಡ್‌ಸೆಟ್ ಸದ್ದು ಮಾಡುವಂತಹದನ್ನು ಆರಿಸಿ. ಬಟನ್‌ಗಳು ದೊಡ್ಡದಾಗಿ, ಉಬ್ಬಿ, ಬಿಡಿಬಿಡಿಯಾಗಿರಬೇಕು. 5ರ ಮೇಲೆ ಸಣ್ಣ ಉಬ್ಬು ಚುಕ್ಕೆ ಇರಲೇಬೇಕು. ಮುಟ್ಟಿದರೆ ನುಣುಪಾದ ಗಾಜಿನಂತಿರುವ ಫೋನ್ ಬೇಡ. ಸಾಧ್ಯವಾದರೆ ಅವರನ್ನೇ ಅಂಗಡಿಗೆ ಕರೆದೊಯ್ಯಿರಿ. ಆರಿಸಬೇಕಾದುದು ಅವರ ಬೆರಳುಗಳು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಬೆರಳ ತುದಿ ಜೋಮು ಹಿಡಿದಿದ್ದರೆ 5ರ ಮೇಲೆ ಒಂದು ಅಕ್ಕಿಕಾಳನ್ನು ಗಟ್ಟಿಯಾಗಿ ಅಂಟಿಸಿ.

ಒಂದೇ ಬಟನ್ ಒತ್ತಿದರೆ ನಂಬರ್ ಹೋಗುವ ಮೆಮೊರಿ ಸೌಲಭ್ಯವಿದ್ದರೆ ಇನ್ನೂ ಅನುಕೂಲ. ಮಗಳ ಬಟನ್ ಮೇಲೆ ಬಟ್ಟೆಯ ಚೂರು, ಮಗನದ್ದರ ಮೇಲೆ ಅಂಗಿಯ ಗುಂಡಿ ಅಂಟಿಸಿದರಾಯಿತು.

ಕಲಿಸುವುದು ಹೇಗೆ?

ನಡುಬೆರಳು 5ರ ಮೇಲಿರಲಿ. ಅದರ ಮೇಲೆ 2, ಕೆಳಗೆ 8, ಎಡಕ್ಕೆ 4, ಬಲಕ್ಕೆ 6. 8ರ ಕೆಳಗೆ 0. ಇಷ್ಟು ಕೈಗೆ ಬಂದರೆ ಉಳಿದವು ಸುಲಭ. ರಿಸೀವರ್ ಎತ್ತದೆಯೇ ಕೆಲವು ದಿನ ಅಭ್ಯಾಸ ಮಾಡಿಸಿ.

ತುಮಕೂರಿನಿಂದ ಗುಬ್ಬಿಯ ಲ್ಯಾಂಡ್‌ಲೈನಿಗೆ ಮೊದಲು 08131, ಕುಣಿಗಲ್‌ಗೆ 08132. ಕೊನೆಯ 1 ಮತ್ತು 2 ಅಕ್ಕಪಕ್ಕದ ಬಟನ್‌ಗಳು. ಬೆರಳು ಜಾರಿದರೆ ಊರೇ ಬದಲಾಗುತ್ತದೆ. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ 2021ರ ಜನವರಿ 15ರಿಂದ ಮೊದಲು 0 ಒತ್ತಬೇಕಾಗಿದೆ. ಇದು ತಿಳಿಯದೆ ಫೋನ್ ಕೆಟ್ಟಿದೆಯೆಂದು ಸುಮ್ಮನಾಗುವವರಿದ್ದಾರೆ. ತುರ್ತು ಸಂಖ್ಯೆ 112 ಮೇಲಿನ ಸಾಲಿನಲ್ಲೇ ಇದೆ. ಎಲ್ಲಕ್ಕಿಂತ ಮೊದಲು ಅದನ್ನೇ ಕಲಿಸಿ.

ಹಳೆಯ ತಾಮ್ರದ ತಂತಿಯ ಫೋನಿಗೆ ವಿದ್ಯುತ್ ಆ ತಂತಿಯಲ್ಲೇ ಬರುತ್ತದೆ. ಫೈಬರ್ ಸಂಪರ್ಕವಾದರೆ ಮನೆಯ ಕರೆಂಟ್ ಹೋದೊಡನೆ ಫೋನೂ ಮೌನ. ಮೋಡೆಮ್‌ಗೆ ಸಣ್ಣ ಯುಪಿಎಸ್ ಇರಲಿ.

ಮೊಬೈಲ್ ಸಾಲದೇ?

ಯುವತಿಯರಿಗೆ ಸಾಕು. ಸ್ಮಾರ್ಟ್‌ಫೋನ್‌ನಲ್ಲಿ ಟಾಕ್‌ಬ್ಯಾಕ್ ಹಾಕಿದರೆ ಪರದೆಯಲ್ಲಿರುವುದನ್ನು ಅದು ಕನ್ನಡದಲ್ಲೇ ಓದಿ ಹೇಳುತ್ತದೆ. ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡ ಅನೇಕರಿಗೆ ಅದನ್ನು ಕಲಿಯುವುದು ಕಷ್ಟ. ಒಂದೇ ಕಡೆ ಇರುವ ಬಟನ್ ಫೋನ್ ಅವರ ಕೈಗೆ ಬೇಗ ಒಗ್ಗುತ್ತದೆ.

ಮನೆಮಂದಿಯ ಹೊಣೆ

ಯಾವ ಅಂಗಡಿಯಲ್ಲೂ ಸಿಗದ ಎರಡು ಸೌಲಭ್ಯಗಳನ್ನು ನಾವೇ ಒದಗಿಸಬೇಕು. ಒಂದು, ಫೋನ್ ಇಟ್ಟ ಜಾಗ ಬದಲಾಗಬಾರದು. ಧೂಳು ಒರೆಸಲು ಎತ್ತಿದರೂ ಅಲ್ಲೇ ಇಡಿ. ಅದರ ದಾರಿಯಲ್ಲಿ ಕುರ್ಚಿ, ಬಕೆಟ್ ಬಿಡಬೇಡಿ. ಎರಡು, ಅವರು ಮಾತನಾಡುವಾಗ ದೂರ ಸರಿಯಿರಿ. ಇತರರ ಗುಟ್ಟು ಹುಡುಕುವುದನ್ನು ಸೂರಃ ಅಲ್ ಹುಜುರಾತ್ ನಿಷೇಧಿಸಿದೆ. ಕಣ್ಣು ಕಾಣದವರಿಗೆ ಪಕ್ಕದಲ್ಲಿ ಯಾರಿದ್ದಾರೆಂದು ತಿಳಿಯುವುದಿಲ್ಲ. ಹಾಗಾಗಿ ನಮ್ಮ ಎಚ್ಚರ ಇಮ್ಮಡಿಯಾಗಬೇಕು.

ಹೆತ್ತ ತಾಯಿ ತನ್ನ ಮಗಳೊಡನೆ ಮನಬಿಚ್ಚಿ ಮಾತನಾಡಲು ಯಾರ ಅಪ್ಪಣೆಗೂ ಕಾಯುವಂತಾಗಬಾರದು. ಈ ವಾರವೇ ಮನೆಯ ಫೋನನ್ನು ಕಣ್ಣು ಮುಚ್ಚಿ ಒಮ್ಮೆ ಮುಟ್ಟಿ ನೋಡಿ. ಅದು ನಿಮ್ಮ ಬೆರಳಿಗೆ ಕಾಣದಿದ್ದರೆ ಅವರಿಗೂ ಕಾಣದು.