ಬಚ್ಚಲಲ್ಲಿ ಕೈಗೆ ಸಿಕ್ಕ ಗಂಟು

ದೇವಲಾಪುರದ ಕಡೆ ಎಮ್ಮೆಯ ಕೆಚ್ಚಲಲ್ಲಿ ಗಂಟು ಸಿಕ್ಕಿದರೆ ಅವತ್ತೇ ಪಶುವೈದ್ಯರಿಗೆ ಫೋನ್ ಹೋಗುತ್ತದೆ. ಅದೇ ಗಂಡಸಿಗೆ ಬೀಜದಲ್ಲಿ ಗಂಟು ಸಿಕ್ಕಿದರೆ? ಹೆಂಡತಿಗೂ ಹೇಳುವುದಿಲ್ಲ.

ಅಣ್ಣಾ, ನಾಚಿಕೆ ಬೇಡ. ಇಂಥ ಊತಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಸುತ್ತ ನೀರು ತುಂಬಿದರೆ ಹೈಡ್ರೋಸಿಲ್. ಎರೆಹುಳುಗಳ ಗೊಂಚಲಿನಂತೆ ಸಿಗುವುದು ಉಬ್ಬಿದ ರಕ್ತನಾಳ. ಕೆಮ್ಮಿದಾಗ ಉಬ್ಬಿ, ಮಲಗಿದಾಗ ಒಳಹೋದರೆ ಬಹುಪಾಲು ಹರ್ನಿಯಾ.

ಬಿಸಿನೀರು ಹುಯ್ದುಕೊಂಡ ಮೇಲೆ ಚರ್ಮ ಸಡಿಲವಾಗಿರುತ್ತದೆ. ಆಗ ಒಂದೊಂದೇ ವೃಷಣವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಮೆಲ್ಲಗೆ ಹೊರಳಿಸಿ ನೋಡಿ. ಹಿಂಬದಿಯಲ್ಲಿ ಹುರಿಯಂಥ ಮೆತ್ತನೆಯ ಭಾಗ ಸಿಕ್ಕರೆ ಗಾಬರಿ ಬೇಡ. ಅದು ವೀರ್ಯಾಣು ಸಾಗುವ ನಾಳ, ಎಲ್ಲರಿಗೂ ಇರುತ್ತದೆ. ಆದರೆ ವೃಷಣಕ್ಕೇ ಅಂಟಿದ, ಒಣ ಅವರೆಕಾಳಿನಂತೆ ಗಟ್ಟಿಯಾದ ಗಂಟು? ನೋವಿಲ್ಲ ಅಂತಲೇ ಜನ ಬಿಟ್ಟುಬಿಡುತ್ತಾರೆ, ಅಪಾಯ ಇರುವುದೇ ಅಲ್ಲಿ. ವೃಷಣದ ಕ್ಯಾನ್ಸರ್ ಅಪರೂಪ, ಆದರೆ ಹೆಚ್ಚಾಗಿ ಬರುವುದು 15ರಿಂದ 40ರ ವಯಸ್ಸಿನಲ್ಲಿ. ಹುಟ್ಟಿದಾಗ ಬೀಜ ಕೆಳಗಿಳಿಯದೆ ಇದ್ದವರಿಗೆ ಸಾಧ್ಯತೆ ಇನ್ನೂ ಜಾಸ್ತಿ.

ಈ ವಾರವೇ ತೋರಿಸಿ. ನಾಗಮಂಗಲದ ಸರ್ಕಾರಿ ಆಸ್ಪತ್ರೆ, ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಮಂಡ್ಯದ ಮಿಮ್ಸ್, ಯಾವುದಾದರೂ ಸರಿ. ಸ್ಕ್ಯಾನಿಂಗ್‌ನಲ್ಲಿ ನೋವಿರುವುದಿಲ್ಲ. ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ 1996ರಲ್ಲಿ ವೃಷಣದ ಕ್ಯಾನ್ಸರ್ ಮಿದುಳಿನವರೆಗೂ ಹರಡಿತ್ತು, ಆದರೂ ವಾಸಿಯಾಯಿತು. ಒಂದು ವೃಷಣ ತೆಗೆದರೂ, ಇನ್ನೊಂದು ಚೆನ್ನಾಗಿದ್ದರೆ ಸಾಮಾನ್ಯವಾಗಿ ಮಕ್ಕಳಾಗಲು ಅಡ್ಡಿಯಿಲ್ಲ.

ಇದ್ದಕ್ಕಿದ್ದಂತೆ ತಡೆಯಲಾಗದ ನೋವು, ವಾಂತಿ ಬಂದರೆ ಮಾತ್ರ ಬೆಳಗಾಗಲಿ ಅನ್ನಬೇಡಿ. ವೃಷಣ ತಿರುಚಿಕೊಂಡಿರಬಹುದು, ಸುಮಾರು 6 ಗಂಟೆಯೊಳಗೆ ಆಪರೇಷನ್ ಆದರೆ ಉಳಿಯುವ ಸಾಧ್ಯತೆ ಹೆಚ್ಚು. ನಡುರಾತ್ರಿಯಾದರೂ 108ಕ್ಕೆ ಫೋನ್ ಮಾಡಿ.