ನಾಲ್ಕು ಗಂಟೆಯ ಕಾಫಿ ಮತ್ತು ಇರುಳಿನ ನಿದ್ರೆ

ನಾವು ಕನ್ನಡಿಗರು ಎಲ್ಲಿ ನೆಲೆಸಿದರೂ ಕಾಫಿಯ ನಂಟನ್ನು ಬಿಡುವವರಲ್ಲ. ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ನಮ್ಮ ನಾಡಿನ ಐತಿಹ್ಯ. ಇಂದಿಗೂ ಭಾರತದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿಯೇ. ಹೀಗಾಗಿ ನಾಚಾರಂನ ನಮ್ಮ ಮನೆಗಳಲ್ಲಿಯೂ ಸಂಜೆ ನಾಲ್ಕಕ್ಕೆ ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುವುದು ಸಹಜವೇ ಆಗಿದೆ. ಆದರೆ ರಾತ್ರಿ ಹನ್ನೆರಡಾದರೂ ಕಣ್ಣು ಮುಚ್ಚದೆ ಹೊರಳಾಡುವವರು, ವಯಸ್ಸಾಯಿತೆಂದೋ ಚಿಂತೆ ಹೆಚ್ಚಿತೆಂದೋ ಭಾವಿಸಿ ನಿದ್ರೆಯ ಮಾತ್ರೆಗೆ ಕೈ ಚಾಚುವ ಮುನ್ನ, ಆ ನಾಲ್ಕು ಗಂಟೆಯ ಲೋಟವನ್ನು ಒಮ್ಮೆ ನೆನೆಯುವುದು ಒಳಿತು.

ಎಚ್ಚರವಿರುವಷ್ಟು ಹೊತ್ತೂ ನಮ್ಮ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸಂಗ್ರಹವಾಗುತ್ತ ಹೋಗುತ್ತದೆ. ಅದು ತನ್ನ ಗ್ರಾಹಕಗಳಿಗೆ ಅಂಟಿಕೊಂಡಂತೆ ನಿದ್ರೆಯ ಒತ್ತಡ ಹೆಚ್ಚುತ್ತದೆ. ಕಾಫಿಯಲ್ಲಿರುವ ಕೆಫೀನ್ ಇದೇ ಗ್ರಾಹಕಗಳನ್ನು ಆಕ್ರಮಿಸಿ ಅಡಿನೋಸಿನ್ನಿಗೆ ಎಡೆಗೊಡುವುದಿಲ್ಲ. ಆದ್ದರಿಂದ ಕಾಫಿ ಆಯಾಸವನ್ನು ಅಳಿಸುವುದಿಲ್ಲ, ಕೇವಲ ಮರೆಮಾಚುತ್ತದೆ.

ರಕ್ತದಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಆರೋಗ್ಯವಂತ ವಯಸ್ಕರಲ್ಲಿ ಸರಾಸರಿ 5 ಗಂಟೆ ಬೇಕು. ಆದರೆ ಈ ಅವಧಿ ಒಬ್ಬರಲ್ಲಿ 2 ಗಂಟೆಗಿಂತ ಕಡಿಮೆಯಿದ್ದರೆ ಮತ್ತೊಬ್ಬರಲ್ಲಿ 9 ಗಂಟೆಯನ್ನೂ ಮುಟ್ಟಬಹುದು. ಸಂಜೆ 4ಕ್ಕೆ 100 ಮಿಲಿಗ್ರಾಂ ಕೆಫೀನ್ ಸೇವಿಸಿದರೆ, ಸರಾಸರಿ ವ್ಯಕ್ತಿಯಲ್ಲಿ ರಾತ್ರಿ 9ಕ್ಕೆ 50 ಮಿಲಿಗ್ರಾಂ ಉಳಿದಿರುತ್ತದೆ. 8 ಗಂಟೆಯ ಅವಧಿ ಬೇಕಾಗುವ ದೇಹದಲ್ಲಿ ಅಷ್ಟೇ ಪ್ರಮಾಣ ನಡುರಾತ್ರಿ 12ಕ್ಕೂ ಇರುತ್ತದೆ. ಒಂದೇ ಮನೆಯಲ್ಲಿ ಒಂದೇ ಕಾಫಿ ಕುಡಿದ ಗಂಡ ಗೊರಕೆ ಹೊಡೆಯುತ್ತಿರಲು ಹೆಂಡತಿ ಗಡಿಯಾರ ನೋಡುತ್ತ ಮಲಗಿರುವುದಕ್ಕೆ ಇದೂ ಒಂದು ಕಾರಣ.

ಈ ಭೇದ ಮನಸ್ಸಿನ ಭ್ರಮೆಯಲ್ಲ. ಕೆಫೀನನ್ನು ಕರಗಿಸುವ ಯಕೃತ್ತಿನ ಕಿಣ್ವದ ವೇಗವೂ ಮೆದುಳಿನ ಗ್ರಾಹಕಗಳ ಸೂಕ್ಷ್ಮತೆಯೂ ವಂಶವಾಹಿಗಳನ್ನು ಅವಲಂಬಿಸಿವೆ. ಗರ್ಭಾವಸ್ಥೆಯಲ್ಲಿ ಕೆಫೀನ್ ಬಹು ನಿಧಾನವಾಗಿ ಇಳಿಯುತ್ತದೆ. ಗರ್ಭನಿರೋಧಕ ಗುಳಿಗೆ, ಸಿಪ್ರೊಫ್ಲಾಕ್ಸಾಸಿನ್‌ನಂತಹ ಕೆಲವು ಔಷಧಗಳು, ಯಕೃತ್ತಿನ ಕಾಯಿಲೆ ಇವೂ ಅದನ್ನು ತಡೆಹಿಡಿಯುತ್ತವೆ. ಎಷ್ಟೋ ವರ್ಷ ತೊಂದರೆ ಕೊಡದ ಕಾಫಿ ಹೊಸ ಔಷಧ ಆರಂಭಿಸಿದ ವಾರದಲ್ಲಿ ನಿದ್ರೆಗೆಡಿಸಿದರೆ ವೈದ್ಯರಿಗೆ ತಿಳಿಸಬೇಕು.

"ನನಗೇನೂ ಆಗುವುದಿಲ್ಲ" ಎನ್ನುವವರೂ ಒಂದು ಸಂಗತಿಯನ್ನು ಗಮನಿಸಬೇಕು. ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ, ಮಲಗುವ 6 ಗಂಟೆ ಮುನ್ನ 400 ಮಿಲಿಗ್ರಾಂ ಕೆಫೀನ್ ಸೇವಿಸಿದವರ ನಿದ್ರೆ ಒಂದು ಗಂಟೆಗೂ ಹೆಚ್ಚು ಕುಗ್ಗಿದ್ದು ಉಪಕರಣಗಳಿಂದ ಕಂಡುಬಂದಿತು. ಅವರು ಬರೆದಿಟ್ಟ ದಿನಚರಿಯಲ್ಲಿ ಆ ನಷ್ಟ ಸ್ಪಷ್ಟವಾಗಿ ಕಾಣಲಿಲ್ಲ. ಅದು ನಾಲ್ಕು ಲೋಟಗಳಷ್ಟು ದೊಡ್ಡ ಪ್ರಮಾಣವೆಂಬುದು ನಿಜ. ಆದರೆ ನಿದ್ರೆಯ ಕೊರತೆ ನಮಗೇ ತಿಳಿಯದಂತೆ ಆಗಬಹುದೆಂಬ ಪಾಠ ಅದರಲ್ಲಿದೆ.

ನಮ್ಮ ನೆರೆಯ ತಾರ್ನಾಕಾದಲ್ಲಿಯೇ ಇರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಭಾರತೀಯರಿಗಾಗಿ ಆಹಾರ ಮಾರ್ಗಸೂಚಿಯನ್ನು ಹೊರತಂದಿತು. ಅದರಂತೆ 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನದ ಮಿತಿ 300 ಮಿಲಿಗ್ರಾಂ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ನಂತರ ಕಾಫಿ, ಚಹಾ ಬೇಡವೆಂದೂ, ಅವು ಆಹಾರದ ಕಬ್ಬಿಣಾಂಶ ಹೀರಿಕೆಗೆ ಅಡ್ಡಿಯೆಂದೂ ಅದು ಹೇಳುತ್ತದೆ. ಕಾಫಿ ಬಿಟ್ಟು ಇರಾನಿ ಚಹಾ ಹಿಡಿದವರು ಪೂರ್ಣ ಪಾರಾದಂತಲ್ಲವೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಮಾಡಬೇಕಾದುದೇನು? ನಿದ್ರೆ ಸರಿಯಿಲ್ಲದವರು ಎರಡು ವಾರ ಮಧ್ಯಾಹ್ನ 12ರ ನಂತರ ಕಾಫಿ, ಚಹಾ, ಕೋಲಾಗಳನ್ನು ಬಿಟ್ಟು ನೋಡಲಿ. ಮಲಗಿದ, ಎದ್ದ ಹೊತ್ತನ್ನು ಗುರುತಿಸಿಡಲಿ. ದಿನಕ್ಕೆ ಹಲವು ಲೋಟ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವು ದಿನ ತಲೆನೋವು, ಮಂಕು ಬಾಧಿಸಬಹುದು. ಮೆಲ್ಲಮೆಲ್ಲನೆ ಇಳಿಸುವುದು ಲೇಸು. ಪುಡಿ ಕೊಳ್ಳುವಾಗಲೂ ವಿವೇಚನೆ ಬೇಕು: ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಇಮ್ಮಡಿ ಕೆಫೀನ್ ಇದೆ, ಚಿಕೋರಿಯಲ್ಲಿ ಕೆಫೀನ್ ಇಲ್ಲ. ಇಷ್ಟಾದರೂ ನಿದ್ರೆ ಬಾರದಿದ್ದರೆ ಕಾರಣ ಬೇರೆಯಿರಬಹುದು. ಆಗ ವೈದ್ಯರನ್ನು ಕಾಣಬೇಕೇ ಹೊರತು ತಾವಾಗಿಯೇ ಮಾತ್ರೆ ನುಂಗಬಾರದು.

ಕೊನೆಯದಾಗಿ ನಮ್ಮ ಉಪಚಾರದ ಮಾತು. ಬಂದವರಿಗೆ ಕಾಫಿ ಕೊಡದಿದ್ದರೆ ಕೊರತೆ, ಬೇಡವೆಂದರೆ ಬೇಸರ ಎಂಬ ಸಂಕೋಚ ನಮ್ಮಲ್ಲಿ ಆಳವಾಗಿದೆ. ಎಷ್ಟೋ ಹಿರಿಯರು ಆ ದಾಕ್ಷಿಣ್ಯಕ್ಕೇ ಕುಡಿದು ರಾತ್ರಿಯಿಡೀ ತೆರ ತೆರುತ್ತಾರೆ. ಜೀರಿಗೆ-ಕೊತ್ತಂಬರಿಯ ಬಿಸಿ ಕಷಾಯವೂ ತಂಪು ಮಜ್ಜಿಗೆಯೂ ನಮ್ಮ ಅಜ್ಜಿಯಂದಿರು ಕಲಿಸಿದ ಸತ್ಕಾರವೇ. ಸಂಜೆ ಬಂದ ಅತಿಥಿಯನ್ನು "ಕಾಫಿಯೋ, ಕಷಾಯವೋ?" ಎಂದು ಕೇಳುವ ರೂಢಿಯನ್ನು ಬೆಳೆಸೋಣ. ಬೆಳಗಿನ ಕಾಫಿ ಮಾತ್ರ ಎಂದಿನಂತೆ ನೊರೆನೊರೆಯಾಗಿ ನಮ್ಮೊಡನಿರಲಿ.