ವಿಶ್ವಾಸಾರ್ಹ ವಿದ್ಯುನ್ಮಾನ ಮಂಡಲಗಳ ವಿನ್ಯಾಸ: ಪೆರ್ಡೂರು ಪರಿಸರದ ಪಂಪ್ ನಿಯಂತ್ರಕವನ್ನು ಕುರಿತು

ಉಡುಪಿ ಜಿಲ್ಲೆಯ ಪೆರ್ಡೂರು ಅನಂತಪದ್ಮನಾಭ ದೇವಾಲಯಕ್ಕೂ ಯಕ್ಷಗಾನ ಮೇಳಕ್ಕೂ ಹೆಸರಾದ ಊರು. ಈ ಪರಿಸರದ ಅಡಿಕೆ, ತೆಂಗಿನ ತೋಟಗಳಿಗೆ ಬೇಸಿಗೆಯಲ್ಲಿ ಬಾವಿಯ ನೀರೇ ಆಧಾರ. ಆ ನೀರನ್ನೆತ್ತುವ ಪಂಪನ್ನು ತಾನಾಗಿ ನಡೆಸಿ ನಿಲ್ಲಿಸುವ ವಿದ್ಯುನ್ಮಾನ ನಿಯಂತ್ರಕ ಇಂದು ಅಪರೂಪದ ವಸ್ತುವಲ್ಲ. ಅಂಥ ಪೆಟ್ಟಿಗೆಯೊಂದು ಏಪ್ರಿಲ್ ತಿಂಗಳಲ್ಲಿ ಕೆಟ್ಟರೆ ಮೋಟಾರು ಸುಡಬಹುದು. ದುರಸ್ತಿಯಾಗುವಷ್ಟರಲ್ಲಿ ಎಳೆಯ ಅಡಿಕೆ ಸಸಿಗಳು ಬಾಡಬಹುದು. ಪ್ರಯೋಗಾಲಯದ ಮೇಜಿನ ಮೇಲೆ ನಿರ್ದುಷ್ಟವಾಗಿ ನಡೆದ ಮಂಡಲ ತೋಟದ ಪಂಪ್‌ಶೆಡ್ಡಿನಲ್ಲಿ ಏಕೆ ಸೋಲುತ್ತದೆ ಎಂಬುದು ಪ್ರಸ್ತುತ ಲೇಖನದ ವಿಷಯ. ಬಿಡಿಭಾಗಗಳ ಗುಣಮಟ್ಟ ಮುಖ್ಯವೇ ಹೌದು. ಆದರೆ ಒಂದು ಭಾಗ ಕೆಟ್ಟಾಗ ಉಳಿದವು ಹೇಗೆ ವರ್ತಿಸಬೇಕೆಂಬುದನ್ನು ವಿನ್ಯಾಸಕಾರನು ಮೊದಲೇ ನಿರ್ಧರಿಸಿರುವುದು ಅದಕ್ಕಿಂತ ಮುಖ್ಯ.

ನಮ್ಮಲ್ಲಿ ಗೃಹಬಳಕೆಯ ವಿದ್ಯುತ್ತಿನ ಘೋಷಿತ ಮಟ್ಟ 230 ವೋಲ್ಟು. ತಂತಿಮಾರ್ಗದ ತುದಿಯಲ್ಲಿರುವ ತೋಟಗಳಲ್ಲಿ, ಪಂಪುಗಳೆಲ್ಲ ಒಟ್ಟಿಗೆ ನಡೆಯುವ ಹೊತ್ತಿಗೆ, ಅದು 180ಕ್ಕೂ ಇಳಿಯಬಹುದು. ಹೊರೆಯಿಲ್ಲದ ನಡುರಾತ್ರಿಯಲ್ಲಿ 250ನ್ನು ಮುಟ್ಟಬಹುದು. 12 ವೋಲ್ಟಿನ ಟ್ರಾನ್ಸ್‌ಫಾರ್ಮರಿನ ವಿದ್ಯುತ್ತನ್ನು ಡಯೋಡುಗಳ ಮೂಲಕ ಏಕಮುಖಗೊಳಿಸಿದಾಗ ದೊರೆಯುವುದು ಸುಮಾರು 15ರಿಂದ 16 ವೋಲ್ಟು. ಮಾರ್ಗದ ವೋಲ್ಟೇಜು ಏರಿ ಹೊರೆ ಕಡಿಮೆಯಾದಾಗ ಅದೇ 20ರ ಆಸುಪಾಸಿಗೆ ಹೋಗುತ್ತದೆ. ಇಲ್ಲಿ 16 ವೋಲ್ಟಿನ ಧಾರಕವನ್ನು ಅಳವಡಿಸುವುದು ಅವಿವೇಕ. 35 ವೋಲ್ಟಿನದು ಯೋಗ್ಯ. ಶಾಖದ ವಿಷಯವೂ ಹೀಗೆಯೇ. ಎಲೆಕ್ಟ್ರೊಲಿಟಿಕ್ ಧಾರಕದ ಆಯುಸ್ಸು ಪ್ರತಿ 10 ಡಿಗ್ರಿ ಉಷ್ಣತೆಯ ಏರಿಕೆಗೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದರಿಂದ ಅದನ್ನು ಟ್ರಾನ್ಸ್‌ಫಾರ್ಮರಿನ ಮಗ್ಗುಲಲ್ಲಿ ಕೂರಿಸಬಾರದು.

ವೋಲ್ಟೇಜು ತಗ್ಗಿದಾಗ ಆಗುವ ಅನಾಹುತ ಇನ್ನೂ ಸೂಕ್ಷ್ಮವಾದುದು. ಮೋಟಾರು ಹೊರಡುವಾಗ ಮಾಮೂಲಿಗಿಂತ ಐದಾರು ಪಟ್ಟು ವಿದ್ಯುತ್ತನ್ನು ಸೆಳೆಯುತ್ತದೆ. ಮೊದಲೇ ದುರ್ಬಲವಾಗಿದ್ದ ವೋಲ್ಟೇಜು ಆ ಕ್ಷಣದಲ್ಲಿ ಕುಸಿದು ರಿಲೇ ಬಿಟ್ಟುಕೊಳ್ಳುತ್ತದೆ. ಮೋಟಾರು ಕಳಚಿದೊಡನೆ ವೋಲ್ಟೇಜು ಚೇತರಿಸಿಕೊಂಡು ರಿಲೇ ಮತ್ತೆ ಹಿಡಿಯುತ್ತದೆ. ಹೀಗೆ ಕ್ಷಣಕ್ಕೊಮ್ಮೆ ಕಟಕಟನೆ ಬಡಿದು ಸಂಪರ್ಕಬಿಂದುಗಳು ಕರಗಿ ಅಂಟಿಕೊಳ್ಳುತ್ತವೆ. ಇಲ್ಲಿ ಕೆಟ್ಟ ಬಿಡಿಭಾಗ ಒಂದೂ ಇಲ್ಲ, ಆದರೂ ಮಂಡಲ ನಾಶವಾಯಿತು! ನಿಲ್ಲಿಸುವ ಮಟ್ಟಕ್ಕೂ ಪುನಃ ಹೊರಡಿಸುವ ಮಟ್ಟಕ್ಕೂ ಸಾಕಷ್ಟು ಅಂತರವಿಟ್ಟು, ಒಮ್ಮೆ ನಿಂತ ಮೇಲೆ ಎರಡು ಮೂರು ನಿಮಿಷ ಮೋಟಾರು ಹೊರಡದಂತೆ ಮಾಡುವುದೇ ಇದಕ್ಕೆ ಪರಿಹಾರ.

ಒಂದೆಡೆಯ ದೋಷ ಎಲ್ಲೆಡೆಗೂ ಹರಡದಂತೆ ಕಟ್ಟೆ ಕಟ್ಟುವ ಈ ವಿವೇಕಕ್ಕೆ ಉನ್ನತ ತಂತ್ರಜ್ಞಾನದಲ್ಲಿಯೂ ನಿದರ್ಶನವಿದೆ. ಇದೇ ಜಿಲ್ಲೆಯ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಪ್ರೊ. ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ನಿರ್ಮಾಣಗೊಂಡ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೂಲಕ ಕಕ್ಷೆಯನ್ನು ಸೇರಿತು. ನಾಲ್ಕೈದು ದಿನಗಳಲ್ಲಿಯೇ ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತವು. ಆದರೆ ಉಪಗ್ರಹದ ಮೂಲ ವ್ಯವಸ್ಥೆ 1981ರವರೆಗೂ ಜೀವಂತವಾಗಿತ್ತು. ತೋಟದ ನಿಯಂತ್ರಕಕ್ಕೂ ಈ ವಿಭಜನೆ ಬೇಕು. ಬಾವಿಗೆ ಹೋಗುವ ತಂತಿಯಲ್ಲಿ ಶಾರ್ಟ್ ಉಂಟಾದರೆ ಅದರ ಕವಲು ಮಾತ್ರ ಸಾಯಬೇಕು, ತೀರ್ಮಾನ ಕೈಗೊಳ್ಳುವ ಮುಖ್ಯ ಮಂಡಲವಲ್ಲ.

ಆ ತಂತಿಯ ಬಗ್ಗೆ ಕೊಂಚ ವಿಸ್ತಾರವಾಗಿ ಹೇಳಬೇಕು. ನೀರಿನ ಮಟ್ಟವನ್ನರಿಯಲು ಇಳಿಬಿಟ್ಟ ಲೋಹದ ಕಡ್ಡಿಗಳಿಗೆ ನೇರ ವಿದ್ಯುತ್ತನ್ನು ಕೊಟ್ಟರೆ ವಿದ್ಯುದ್ವಿಭಜನೆಯಿಂದ ಧನಕಡ್ಡಿ ಸವೆಯುತ್ತದೆ. ಪರ್ಯಾಯ ವಿದ್ಯುತ್ತನ್ನು ಬಳಸಿದರೆ ಈ ಸವೆತ ಬಹುಮಟ್ಟಿಗೆ ತಪ್ಪುತ್ತದೆ. ತಂತಿಯನ್ನು ಇಲಿ ಕಡಿದರೆ ಏನಾಗಬೇಕು? ಬಾವಿಯ ತಂತಿ ತುಂಡಾದರೆ ಮಂಡಲವು ಅದನ್ನು ‘ನೀರಿಲ್ಲ’ ಎಂದೇ ಗ್ರಹಿಸಿ ಪಂಪನ್ನು ನಿಲ್ಲಿಸಬೇಕು. ಮೇಲಿನ ತೊಟ್ಟಿಯದಾದರೆ ‘ತುಂಬಿದೆ’ ಎಂದು ಗ್ರಹಿಸಬೇಕು. ಅದಕ್ಕಾಗಿ ತೊಟ್ಟಿ ತುಂಬಿದಾಗ ತೆರೆದುಕೊಳ್ಳುವ ಬಗೆಯ ಸ್ವಿಚ್ಚನ್ನೇ ಆರಿಸಬೇಕು. ಮಳೆಗಾಲದ ಮುಂಚಿನ ಸಿಡಿಲೂ ಇದೇ ಉದ್ದನೆಯ ತಂತಿಯ ಮೂಲಕ ಒಳನುಗ್ಗುತ್ತದೆ. ಮುಖ್ಯ ಮಾರ್ಗಕ್ಕಷ್ಟೇ ವೇರಿಸ್ಟರ್ ಹಾಕಿ ನಿಶ್ಚಿಂತರಾಗುವುದು ಸಾಮಾನ್ಯವಾಗಿ ಕಂಡುಬರುವ ಪ್ರಮಾದ. ವೇರಿಸ್ಟರ್ ಪ್ರತಿ ಆಘಾತದಿಂದಲೂ ತುಸು ಬಳಲಿ, ಕೊನೆಗೆ ಶಾರ್ಟ್ ಆಗಬಹುದಾದ್ದರಿಂದ ಅದನ್ನು ಫ್ಯೂಸಿನ ನಂತರವೇ ಇಡತಕ್ಕದ್ದು. ಬಾವಿಕಟ್ಟೆಯಲ್ಲಿ ಜನರೂ ಓಡಾಡುವುದರಿಂದ ಕಡ್ಡಿಗಳ ಮಂಡಲವು ಮುಖ್ಯ ವಿದ್ಯುತ್ತಿನಿಂದ ಸಂಪೂರ್ಣ ಪ್ರತ್ಯೇಕವಾಗಿರಬೇಕು. ಈ ಒಂದು ವಿಷಯದಲ್ಲಿ ಖರ್ಚಿನ ಲೆಕ್ಕ ನೋಡಲಾಗದು.

ತೇವ ಮತ್ತು ಇರುವೆಗಳಿಗೆ ಮದ್ದು ಸರಳ: ಮುದ್ರಿತ ಫಲಕಕ್ಕೆ ವಾರ್ನಿಶಿನ ಲೇಪ, ತಂತಿಗಳಿಗೆ ಪೆಟ್ಟಿಗೆಯ ತಳದಿಂದಲೇ ಬಿಗಿಯಾದ ಪ್ರವೇಶ.

ಇಷ್ಟಾದ ಮೇಲೆ ಪರೀಕ್ಷೆ. ಹೊಂದಿಸಬಲ್ಲ ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜನ್ನು 160ರಿಂದ 270ರವರೆಗೆ ನಿಧಾನವಾಗಿ ಏರಿಸಿ ಇಳಿಸಬೇಕು. ಆಮೇಲೆ ಕಡ್ಡಿಯ ತಂತಿಗಳನ್ನು ಒಂದೊಂದಾಗಿ ಬಿಚ್ಚಿಯೂ ಒಂದಕ್ಕೊಂದು ತಾಗಿಸಿಯೂ ಪಂಪು ನಿಲ್ಲುವುದೋ ನಡೆಯುವುದೋ ಎಂಬುದನ್ನು ಬರೆದಿಡಬೇಕು. ಆ ಹಾಳೆಯನ್ನು ಮಂಡಲದ ನಕ್ಷೆಯೊಡನೆ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿದರೆ ಮುಂದೆ ದುರಸ್ತಿಗೆ ಬರುವವನು ತಂತಿಗಳನ್ನು ಊಹೆಯಿಂದ ಕೀಳಬೇಕಾಗುವುದಿಲ್ಲ.